ನಿಮ್ಮ ಮನೆಯ ಬೀಗದ ಕೈ ಎಲ್ಲಿದೆ?

ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಗೊಂಚಲು ನಮ್ಮ ಅತ್ತೆಯಂದಿರ ಕಾಲದಲ್ಲಿ ಒಡವೆಗೆ ಸಮಾನ. ಉಗ್ರಾಣಕ್ಕೊಂದು, ಬೀರುವಿಗೊಂದು, ಹಾಲಿನ ಕಪಾಟಿಗೊಂದು. ಗೊಂಚಲು ಯಾರ ಸೊಂಟದಲ್ಲೋ ಮನೆಯ ಯಜಮಾನಿಕೆ ಅವರದ್ದು!

ಈಗ ಕಾಲ ಬದಲಾಗಿದೆ. ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬರುವಾಗ ಸೀರೆಯ ಜತೆಗೆ ಎರಡು ಸ್ಮಾರ್ಟ್ ಬಲ್ಬು, ಬಾಗಿಲಿಗೊಂದು ಕ್ಯಾಮೆರಾ, ಕರೆದರೆ ಓಗೊಡುವ ಸ್ಪೀಕರ್ ಹಿಡಿದುಕೊಂಡು ಬರುತ್ತಾನೆ. "ಅಮ್ಮಾ, ಇನ್ನು ನೀನು ಎದ್ದು ಹೋಗಿ ಸ್ವಿಚ್ ಹಾಕೋದೇ ಬೇಡ" ಅನ್ನುತ್ತಾನೆ. ಸಂತೋಷದ ಮಾತೇ. ಮಂಡಿನೋವಿನವರಿಗೆ, ಒಂಟಿಯಾಗಿರುವ ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ. ಆದರೆ ಸೋದರಿಯರೇ, ಈ ಹೊಸ ಸಾಮಾನುಗಳ ಬೀಗದ ಕೈ ಎಲ್ಲಿದೆ ಎಂದು ಎಂದಾದರೂ ಕೇಳಿದ್ದೀರಾ?

ಅಪ್ಪಣೆ ಎಲ್ಲಿಗೆ ಹೋಗುತ್ತದೆ?

ನೀವು ಫೋನಿನಲ್ಲಿ ಒತ್ತಿದಿರಿ, ನಡುಮನೆಯ ದೀಪ ಹತ್ತಿತು. ಕಣ್ಣಿಗೆ ಕಂಡದ್ದು ಇಷ್ಟೇ. ಇಂಥ ಅನೇಕ ಸಾಮಾನುಗಳಲ್ಲಿ ನಿಮ್ಮ ಅಪ್ಪಣೆ ಮನೆಯ ವೈ-ಫೈ ಡಬ್ಬಿಯಿಂದ ಹೊರಬಿದ್ದು, ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ತಿರುಗಿ ನಿಮ್ಮ ಬಲ್ಬಿಗೆ ಬರುತ್ತದೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತರಿಸಲು ದೆಹಲಿಗೆ ಕಾಗದ ಬರೆದ ಹಾಗೆ! ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವುದರಿಂದ ನಮಗೆ ಗೊತ್ತಾಗುವುದಿಲ್ಲ.

ಆ ದೂರದ ಕಂಪ್ಯೂಟರುಗಳ ಸಮೂಹಕ್ಕೆ 'ಕ್ಲೌಡ್' ಎನ್ನುತ್ತಾರೆ. ಹೆಸರಿನ ಅರ್ಥ ಮೋಡ. ಆದರೆ ಆಕಾಶದಲ್ಲಿ ಏನೂ ಇಲ್ಲ. ಗೋಡೌನಿನಂಥ ದೊಡ್ಡ ಕಟ್ಟಡಗಳು, ಒಳಗೆ ಸಾಲುಸಾಲು ಕಂಪ್ಯೂಟರುಗಳು, ಅಷ್ಟೇ. ಒಬ್ಬೊಬ್ಬರೂ ಇಂಥದ್ದನ್ನು ಕಟ್ಟಲಾರದೆ ಸಾವಿರಾರು ಕಂಪನಿಗಳು ಕೆಲವೇ ದೊಡ್ಡ ಕಂಪನಿಗಳಿಂದ ಬಾಡಿಗೆಗೆ ಪಡೆಯುತ್ತವೆ. ಹೀಗಾಗಿ ಅಲ್ಲಿ ಒಂದು ಕಡೆ ಕೆಟ್ಟರೆ ನೂರಾರು ಕಡೆ ಕತ್ತಲೆ.

ನರಕ ಚತುರ್ದಶಿಯ ಮಧ್ಯಾಹ್ನ

2025ರ ಅಕ್ಟೋಬರ್ 20. ನಮ್ಮಲ್ಲಿ ನರಕ ಚತುರ್ದಶಿ. ಎಣ್ಣೆಸ್ನಾನ ಮುಗಿಸಿ ಹಬ್ಬದೂಟಕ್ಕೆ ಎಲೆ ಹಾಕುವ ಹೊತ್ತು. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಆಗ ನಡುರಾತ್ರಿ ಕಳೆದಿತ್ತು. ಅಲ್ಲಿರುವ ಅಮೆಜಾನ್ ವೆಬ್ ಸರ್ವೀಸಸ್‌ನ ಕೇಂದ್ರದಲ್ಲಿ ಒಂದು ತಪ್ಪಾಯಿತು. ಕಂಪ್ಯೂಟರುಗಳು ಒಂದನ್ನೊಂದು ಹುಡುಕಿಕೊಳ್ಳಲು ವಿಳಾಸದ ಪುಸ್ತಕದಂಥ ಒಂದು ವ್ಯವಸ್ಥೆ ಇರುತ್ತದೆ. ಅದನ್ನು ತಾನೇ ತಿದ್ದಿಕೊಳ್ಳುವ ತಂತ್ರಾಂಶ ಎಡವಿ, ಒಂದು ಮುಖ್ಯ ವಿಳಾಸದ ಜಾಗ ಖಾಲಿ ಉಳಿಯಿತು. ಮನೆ ನಿಂತೇ ಇದೆ, ಪೋಸ್ಟ್‌ಮ್ಯಾನ್‌ಗೆ ಮಾತ್ರ ವಿಳಾಸ ಗೊತ್ತಿಲ್ಲ. ಎಲ್ಲ ಸರಿಹೋಗಲು ಸುಮಾರು 15 ಗಂಟೆ ಹಿಡಿಯಿತು.

ಆ ದಿನ ಅಲ್ಲಿನ ಎಷ್ಟೋ ಮನೆಗಳಲ್ಲಿ 'ಅಲೆಕ್ಸಾ' ಸ್ಪೀಕರ್ ಕರೆದರೂ ಮಾತಾಡಲಿಲ್ಲ. ಬೆಳಗಿನ ಅಲಾರಂ ಹೊಡೆಯಲಿಲ್ಲ. ಬಾಗಿಲ ಕ್ಯಾಮೆರಾಗಳು ಕುರುಡಾದವು. ಎಲ್ಲಕ್ಕಿಂತ ಸೋಜಿಗದ್ದು ಹಾಸಿಗೆಯ ಕಥೆ. 'ಏಯ್ಟ್ ಸ್ಲೀಪ್' ಎಂಬ ಕಂಪನಿ ಸಾವಿರಾರು ಡಾಲರ್ ಬೆಲೆಯ, ಬೇಕಾದಂತೆ ಬಿಸಿ ತಂಪು ಮಾಡುವ ಹಾಸಿಗೆ ಮಾರುತ್ತದೆ. ಕ್ಲೌಡ್ ನಿಂತದ್ದೇ ತಡ, ಕೆಲವರ ಹಾಸಿಗೆ ಕಾದು ಕೂತಿತು. ಇನ್ನು ಕೆಲವರದ್ದು ತಲೆಯ ಭಾಗ ಎತ್ತಿದಂತೆಯೇ ನಿಂತಿತು. ಮಲಗಿದವರ ಪಾಡು ಹೇಗಿದ್ದೀತು! ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ನೆಟ್ ಇಲ್ಲದಿದ್ದರೂ ಫೋನಿನಿಂದಲೇ ನೇರವಾಗಿ ನಡೆಸುವ ಏರ್ಪಾಡನ್ನು ಆಮೇಲೆ ಮಾಡಿದರು. ಮೊದಲೇ ಮಾಡಬಹುದಿತ್ತಲ್ಲವೇ?

ಅಂಗಡಿ ಮುಚ್ಚಿದರೆ?

ಕೆಟ್ಟದ್ದು ರಿಪೇರಿಯಾಗುತ್ತದೆ. ಆದರೆ ಕಂಪನಿಯೇ ಬಾಗಿಲು ಹಾಕಿದರೆ? ಅಮೆರಿಕದಲ್ಲಿ 'ರಿವಾಲ್ವ್' ಎಂಬ, ಮನೆಯ ಸಾಮಾನುಗಳನ್ನೆಲ್ಲ ಒಟ್ಟಿಗೆ ನಡೆಸುವ ಪೆಟ್ಟಿಗೆಗೆ ಜನ 300 ಡಾಲರ್ ಕೊಟ್ಟಿದ್ದರು. ಕಂಪನಿ ಕೈಬದಲಾಯಿತು. 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿದರು. ಚೆನ್ನಾಗಿದ್ದ ಪೆಟ್ಟಿಗೆ ಆವತ್ತಿನಿಂದ ಬರೀ ಡಬ್ಬಿ. 2022ರ ಏಪ್ರಿಲ್‌ನಲ್ಲಿ 'ಇನ್‌ಸ್ಟಿಯಾನ್' ಕಂಪನಿಯ ಕಂಪ್ಯೂಟರುಗಳು ಮುನ್ಸೂಚನೆಯಿಲ್ಲದೆ ನಿಂತವು. ಕಡೆಗೆ ಅದರ ಗಿರಾಕಿಗಳೇ ಕೆಲವರು ಸೇರಿ ಕಂಪನಿಯನ್ನು ಕೊಂಡು ಮತ್ತೆ ನಡೆಸಬೇಕಾಯಿತು.

"ಅದೆಲ್ಲ ಅಮೆರಿಕದ ಸುದ್ದಿ, ನಮಗೇನು?" ಅಂದೀರಿ. ನಮ್ಮೂರುಗಳಲ್ಲಿ ಕ್ಲೌಡ್ ನಿಲ್ಲುವುದೇ ಬೇಡ; ಕರೆಂಟು ಹೋದರೆ ವೈ-ಫೈ ಡಬ್ಬಿಯೂ ಆರುತ್ತದೆ. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದರೂ ಅದೇ ಗತಿ. ಜತೆಗೆ ಪಾಸ್‌ವರ್ಡು ಮಗನ ಫೋನಿನಲ್ಲೋ ಯಜಮಾನರ ಫೋನಿನಲ್ಲೋ ಇದ್ದರೆ, ದಿನವಿಡೀ ಮನೆಯಲ್ಲಿರುವ ನಿಮ್ಮ ಕೈಯಲ್ಲೇ ಮನೆ ಇಲ್ಲ!

ಇಷ್ಟು ಮಾಡಿ

1. ಕೊಳ್ಳುವ ಮೊದಲು ಅಂಗಡಿಯವರಿಗೆ ಒಂದೇ ಪ್ರಶ್ನೆ ಹಾಕಿ: "ನೆಟ್ ಇಲ್ಲದಾಗ ಇದು ಏನೇನು ಮಾಡುತ್ತೆ?" ತಡವರಿಸಿದರೆ ವಾಪಸು ಬನ್ನಿ.

2. ಬಾಗಿಲಿಗೆ ಸ್ಮಾರ್ಟ್ ಬೀಗ ಹಾಕಿಸುವುದಾದರೆ ಮಾಮೂಲಿ ಬೀಗದ ಕೈಯೂ ಇರುವುದನ್ನೇ ಆರಿಸಿ. ಒಂದು ಕೈ ನಂಬಿಕೆಯ ನೆರೆಮನೆಯಲ್ಲಿರಲಿ. ಬೀಗದ ಬ್ಯಾಟರಿ ಮುಗಿಯುವ ಮೊದಲೇ ಬದಲಿಸಿ.

3. ಸ್ಮಾರ್ಟ್ ಬಲ್ಬಿಗೂ ಗೋಡೆಯ ಸ್ವಿಚ್ಚು ಕೈಗೆಟುಕುವಂತಿರಲಿ. ಕರೆಂಟು ಹೋಗಿ ಬಂದಾಗ ಇಂಥ ಅನೇಕ ಬಲ್ಬುಗಳು ತಾವಾಗಿ ಹೊತ್ತಿಕೊಳ್ಳುತ್ತವೆ. ನಡುರಾತ್ರಿ ಗಾಬರಿಯಾಗಬೇಡಿ.

4. ಗೀಸರ್‌ಗೆ ಸ್ಮಾರ್ಟ್ ಪ್ಲಗ್ ಹಾಕುವುದಾದರೆ 16 ಆಂಪಿಯರ್‌ನದ್ದೇ ಆಗಬೇಕು. ಸಣ್ಣ ಪ್ಲಗ್ ಕಾದು ಕರಗೀತು. ಫೋನಿನಲ್ಲಿ "ಆಫ್" ಎಂದು ತೋರಿಸಿದರೂ ಗೋಡೆಯ ಸ್ವಿಚ್ಚು ಆರಿಸಿಯೇ ಮಲಗಿ.

5. ಕ್ಯಾಮೆರಾದೊಳಗೇ ಮೆಮೊರಿ ಕಾರ್ಡ್ ಹಾಕುವ ಜಾಗ ಇದೆಯೇ ನೋಡಿ. ಇದ್ದರೆ ಚಿತ್ರಗಳು ಮನೆಯಲ್ಲೇ ಉಳಿಯುತ್ತವೆ.

6. ಮಾವನವರ ಬಿ.ಪಿ. ಮಾತ್ರೆಯ ಹೊತ್ತನ್ನು ಸ್ಪೀಕರಿಗಷ್ಟೇ ವಹಿಸಬೇಡಿ. ಕ್ಯಾಲೆಂಡರಿನ ಮೇಲೆ ಬರೆದಿಡಿ. ಒಂದು ಸಾದಾ ಅಲಾರಂ ಗಡಿಯಾರವೂ ಇರಲಿ.

7. ಎಲ್ಲ ಪಾಸ್‌ವರ್ಡುಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಬೀರುವಿನಲ್ಲಿಡಿ. ನಿಮ್ಮ ಫೋನಿನಲ್ಲೂ ಆ ಸಾಮಾನುಗಳು ನಡೆಯುವಂತೆ ಮಾಡಿಸಿಕೊಳ್ಳಿ. ಸಂಕೋಚ ಬೇಡ.

ಕೊನೆಯದಾಗಿ ಒಂದು ಪರೀಕ್ಷೆ. ಈ ಭಾನುವಾರ ಎಲ್ಲರೂ ಮನೆಯಲ್ಲಿರುವಾಗ ವೈ-ಫೈ ಡಬ್ಬಿಯನ್ನು ಒಂದು ಗಂಟೆ ಆರಿಸಿಬಿಡಿ. ಫೋನಿನ ನೆಟ್ಟೂ ಬಂದ್. ಯಾವ ದೀಪ ಹತ್ತುತ್ತದೆ, ಯಾವ ಬಾಗಿಲು ತೆರೆಯುತ್ತದೆ, ಯಾವುದು ಮೂಕವಾಗುತ್ತದೆ ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಮೂಕವಾದದ್ದು ಬರೀ ಹಾಡು ಹೇಳುವ ಡಬ್ಬಿಯಾದರೆ ಚಿಂತೆಯಿಲ್ಲ. ಬಾಗಿಲೋ, ಬಿಸಿನೀರೋ, ಮಾತ್ರೆಯ ಹೊತ್ತೋ ಆದರೆ ಅದಕ್ಕೆ ಕೈಯಿಂದ ನಡೆಯುವ ಇನ್ನೊಂದು ದಾರಿಯನ್ನು ಅಂದೇ ಮಾಡಿಸಿಬಿಡಿ.