ಮೊಬೈಲ್ ಗೋಪುರವೂ ನಮ್ಮ ದನಕರುಗಳೂ



ಎರಡು ತಿಂಗಳ ಹಿಂದೆ ಒಂದು ಹಳ್ಳಿಯಲ್ಲಿ ರೈತರೊಬ್ಬರು ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು ತಮ್ಮ ಮಿಶ್ರತಳಿ ಹಸುವನ್ನು ತೋರಿಸಿದರು. "ನಾಲ್ಕು ಸಲ ಇಂಜೆಕ್ಷನ್ ಕೊಡಿಸಿದ್ದಾಯಿತು ಸ್ವಾಮಿ, ಗಬ್ಬ ನಿಲ್ಲುತ್ತಿಲ್ಲ. ಆ ಟವರು ಬಂದ ಮೇಲೆಯೇ ಹೀಗೆ" ಎಂದರು. ಈ ಮಾತನ್ನು ನಮ್ಮ ಬ್ಲಾಕಿನ ಹಲವು ಹಳ್ಳಿಗಳಲ್ಲಿ ಕೇಳಿದ್ದೇನೆ. ಆದುದರಿಂದ ಈ ವಿಷಯದಲ್ಲಿ ತಿಳಿದುಬಂದಿರುವುದನ್ನು ತಮ್ಮ ಮುಂದಿಡುತ್ತೇನೆ.

ಗೋಪುರದಿಂದ ಹೊರಡುವುದು ರೇಡಿಯೋ ಅಲೆ. ಎಕ್ಸ್-ರೇ ಕಿರಣದಂತೆ ಜೀವಕೋಶದ ಒಳಗಿನ ಅಣುಗಳನ್ನು ಒಡೆಯುವ ಶಕ್ತಿ ಇದಕ್ಕಿಲ್ಲ. ಬಹಳ ಪ್ರಬಲವಾಗಿದ್ದರೆ ಮೈಯನ್ನು ಬಿಸಿ ಮಾಡುತ್ತದೆ. ಆದರೆ ದೂರ ಎರಡರಷ್ಟಾದರೆ ಅಲೆಯ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲಿನ ಆಂಟೆನಾಗಳು ಅಲೆಯನ್ನು ಹೆಚ್ಚಾಗಿ ಅಡ್ಡಲಾಗಿ ಬೀರುವುದರಿಂದ ಬುಡದಲ್ಲಿ ಮೇಯುವ ದನಕ್ಕೆ ತಗಲುವುದು ಅಲ್ಪ. 2012ರಲ್ಲಿ ನಮ್ಮ ಸರ್ಕಾರ ಇದರ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಿತು.

ಹಾಗಾದರೆ ಪ್ರಾಣಿಗಳಿಗೆ ಏನೂ ಆಗದೆಂದು ನಾನು ಆಣೆ ಇಡಲಾರೆ. ಅಮೆರಿಕದಲ್ಲಿ ಇಲಿಗಳನ್ನು ದಿನಕ್ಕೆ ಒಂಬತ್ತು ಗಂಟೆಯಂತೆ ಎರಡು ವರ್ಷ ಪ್ರಬಲ ಅಲೆಯಲ್ಲಿಟ್ಟು ನೋಡಿದರು. ಗಂಡಿಲಿಗಳ ಹೃದಯದಲ್ಲಿ ಗೆಡ್ಡೆಗಳು ಕಂಡವೆಂದು 2018ರಲ್ಲಿ ವರದಿಯಾಯಿತು. ವಿಚಿತ್ರವೆಂದರೆ ಆ ಇಲಿಗಳೇ ಅಲೆ ತಗಲದ ಇಲಿಗಳಿಗಿಂತ ಹೆಚ್ಚು ದಿನ ಬದುಕಿದವು. 2011ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜೇನುಗೂಡಿನೊಳಗೆ ಫೋನುಗಳನ್ನೇ ಇಟ್ಟಾಗ ಹುಳುಗಳು ಕಳವಳದ ಸದ್ದು ಮಾಡಿದವು. ಆದರೆ ಗೂಡಿನೊಳಗಿನ ಫೋನು ಬೇರೆ, ಹೊಲದಾಚೆಯ ಗೋಪುರ ಬೇರೆ.

ಜೇನಿನ ಮಾತು ಬಂದುದರಿಂದ ಇನ್ನೊಂದು ಹೇಳಬೇಕು. "ತುಡುವೆ ಜೇನು ಹೋದದ್ದು ಟವರಿನಿಂದ" ಎನ್ನುವವರುಂಟು. ಕರ್ನಾಟಕ, ಕೇರಳಗಳಲ್ಲಿ ತುಡುವೆ ಕುಟುಂಬಗಳು ಸಾಲು ಸಾಲಾಗಿ ಸತ್ತದ್ದು 1991-92ರ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದಿಂದ. ಭಾರತಕ್ಕೆ ಮೊಬೈಲು ಬಂದದ್ದು 1995ರಲ್ಲಿ. ಗುಬ್ಬಚ್ಚಿಯ ಕಥೆಯೂ ಹಾಗೆಯೇ: 2020ರ ಭಾರತದ ಹಕ್ಕಿಗಳ ವರದಿಯಂತೆ ಅದು ಬೆಂಗಳೂರಿನಂಥ ಮಹಾನಗರಗಳಲ್ಲಿ ಕಡಿಮೆಯಾಗಿದೆ, ಒಟ್ಟು ದೇಶದಲ್ಲಿ ಸುಮಾರಾಗಿ ಹಾಗೆಯೇ ಉಳಿದಿದೆ.

ಇನ್ನು ಆ ಹಸು. ಅದೇ ಗೋಪುರದ ಇನ್ನೊಂದು ಮಗ್ಗುಲ ಮನೆಯ ಎಮ್ಮೆ ತೊಂದರೆಯಿಲ್ಲದೆ ಈದಿತ್ತು. ವಿಚಾರಿಸಲಾಗಿ, ಯಜಮಾನರು ಸಾಯಂಕಾಲ ಬೆದೆ ಕಂಡರೆ ಮರುದಿನ ಹೊಲದ ಕೆಲಸ ಮುಗಿಸಿ ಸಾಯಂಕಾಲ ಡಾಕ್ಟರನ್ನು ಕರೆಸುತ್ತಿದ್ದರು. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಅಂದೇ ಸಾಯಂಕಾಲ, ಸಾಯಂಕಾಲ ಕಂಡರೆ ಮರುದಿನ ಬೆಳಿಗ್ಗೆ ಕೊಡಿಸತಕ್ಕದ್ದು. ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ನಾಲ್ಕು ಸಲ ತಪ್ಪಿದರೆ 84 ದಿನದ ಮೇವು ದಂಡ! ಖನಿಜ ಮಿಶ್ರಣವನ್ನೂ ಅವರು ಕೊಡುತ್ತಿರಲಿಲ್ಲ. ಈಗ ದಿನಕ್ಕೆ 50 ಗ್ರಾಂ ಹಿಂಡಿಯೊಡನೆ ಕಲಸಿ ಕೊಡುತ್ತಿದ್ದಾರೆ. ಐದನೆಯ ಸಲ ಹೊತ್ತಿಗೆ ಸರಿಯಾಗಿ ಕೊಡಿಸಿದರು. ಆಮೇಲೆ ಹಸು ಬೆದೆಗೆ ಬಂದಿಲ್ಲ. ಗಬ್ಬದ ಪರೀಕ್ಷೆ ಇನ್ನೂ ಆಗಬೇಕು. ಡಾಕ್ಟರಿಗೆ ಫೋನು ಹೋದದ್ದು ಆ ಟವರಿನಿಂದಲೇ ಎಂದು ಮನೆಯಾಕೆ ನಕ್ಕರು.

ಗೋಪುರದಿಂದ ದನಕ್ಕೆ ನಿಜವಾದ ಅಪಾಯವೊಂದುಂಟು, ಅದು ಮಳೆಗಾಲದ್ದು. ಎತ್ತರದ ಗೋಪುರಕ್ಕೆ ಸಿಡಿಲು ಬಡಿದಾಗ ವಿದ್ಯುತ್ತು ನೆಲಕ್ಕಿಳಿದು ಸುತ್ತ ಹರಡುತ್ತದೆ. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಾದ್ದರಿಂದ ಅದು ಎದೆಯ ಮೂಲಕ ಹಾಯುತ್ತದೆ. ಗೋಪುರದ ಬೇಲಿಗೆ ದನ ಕಟ್ಟಲೇ ಕೂಡದು. ಗುಡುಗು ಕೇಳಿಸಿದೊಡನೆ ಅಲ್ಲಿಂದ ದೂರ ಹೊಡೆದುಕೊಂಡು ಬನ್ನಿ. ಅರ್ಥ್ ತಂತಿ ಕಿತ್ತುಹೋಗಿರುವುದು ಕಂಡರೆ ಕೈಯಿಂದ ಮುಟ್ಟದೆ ಪಂಚಾಯಿತಿಗೆ ತಿಳಿಸಿ.