ಸಂಜೆ ಆರಕ್ಕೆ ರನ್‌ವೇ ವಾಪಸ್

2023ರ ಬೇಸಿಗೆಯಲ್ಲಿ ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಮುಂಬೈಗೋ ದುಬೈಗೋ ಹೊರಟವರಿಗೆ ಹೊತ್ತುಗೊತ್ತುಗಳೆಲ್ಲ ಬದಲಾಗಿದ್ದವು. ಜನವರಿ 27ರಿಂದ ರನ್‌ವೇ ಬೆಳಿಗ್ಗೆ 9.30ಕ್ಕೆ ಮುಚ್ಚಿದರೆ ತೆರೆಯುತ್ತಿದ್ದುದು ಸಂಜೆ 6ಕ್ಕೆ. 2,450 ಮೀಟರ್ ಉದ್ದದ ಕಾಂಕ್ರೀಟ್ ರನ್‌ವೇಗೆ ಡಾಂಬರಿನ ಹೊದಿಕೆ ಹಾಕುವ ಕೆಲಸ ನಡೆದಿತ್ತು. ಕರಾವಳಿಯ ಮಳೆ ಯಾರಿಗೂ ಕಾಯುವುದಿಲ್ಲ. ಹಾಗಾಗಿ ಮೇ ಕೊನೆಯೊಳಗೆ ಮುಗಿಸಬೇಕೆಂದು ಲೆಕ್ಕ ಹಾಕಿದ್ದರು. ಅದಕ್ಕೂ ಮೊದಲೇ ಮುಗಿಸಿದರು.

ರಸ್ತೆಗೆ ಡಾಂಬರು ಹಾಕುವಾಗ ಅರ್ಧ ರಸ್ತೆ ಮುಚ್ಚಿ ಉಳಿದರ್ಧದಲ್ಲಿ ವಾಹನ ಬಿಡಬಹುದು. ರನ್‌ವೇಯಲ್ಲಿ ಆ ಅನುಕೂಲ ಇಲ್ಲ. ಆ ದಿನ ಎಷ್ಟು ಉದ್ದಕ್ಕೆ ಕೈ ಹಾಕಿದರೋ ಅಷ್ಟು ಉದ್ದಕ್ಕೂ ಸಾಧ್ಯವಾದಷ್ಟು ಪೂರ್ತಿ ಅಗಲಕ್ಕೆ ಹೊದಿಕೆ ಮುಗಿಯಬೇಕು. ಹೊಸ ಪದರ ನಿಂತ ಕಡೆ, ಹಳೆಯ ಮೇಲ್ಮೈ ಶುರುವಾಗುವ ಕಡೆ, ಒಂದು ಮೆಟ್ಟಿಲಿನಷ್ಟು ಎತ್ತರ ಉಳಿಯುತ್ತದೆ. ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಓಡುವ ಚಕ್ರ ಅದಕ್ಕೆ ಬಡಿಯಬಾರದು. ಅದಕ್ಕಾಗಿ ಪ್ರತಿದಿನ ಕೆಲಸ ನಿಲ್ಲಿಸುವ ಮುನ್ನ ಅಲ್ಲಿ ತಾತ್ಕಾಲಿಕ ಇಳಿಜಾರು ಕಟ್ಟುತ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ, ಪದರ ಐದು ಸೆಂಟಿಮೀಟರ್‌ವರೆಗೆ ದಪ್ಪವಿದ್ದರೆ ಆ ಇಳಿಜಾರು ಶೇ 0.5ರಿಂದ 1ರ ನಡುವೆ ಇರಬೇಕು. ಅದಕ್ಕಿಂತ ದಪ್ಪವಿದ್ದರೆ ಶೇ 0.5 ಮೀರಬಾರದು. ಅಂದರೆ ಐದು ಸೆಂಟಿಮೀಟರ್ ಇಳಿಯಲು ಐದರಿಂದ ಹತ್ತು ಮೀಟರ್ ಉದ್ದದ ಇಳಿಜಾರು. ಮರುದಿನ ಬಂದು ಅದನ್ನು ಕೆತ್ತಿ ತೆಗೆದು ಮುಂದುವರಿಯಬೇಕು. ಯಾವ ತುದಿಯಿಂದ ಕೆಲಸ ಶುರು ಮಾಡಬೇಕು ಎಂಬುದಕ್ಕೂ ನಿಯಮವಿದೆ: ಹೆಚ್ಚಿನ ವಿಮಾನಗಳು ಹೊಸ ಪದರದಿಂದ ಹಳೆಯದಕ್ಕೆ ಇಳಿಯುವಂತೆ ಇರಬೇಕು, ಹತ್ತುವಂತೆ ಅಲ್ಲ.

ಇಷ್ಟಾದ ಮೇಲೆ ನಡುಗೆರೆಯ ಬಿಳಿ ಗುರುತು ಬಳಿಯಬೇಕು. ಡಾಂಬರು ಆರಿ ಗಟ್ಟಿಯಾಗಿರಬೇಕು. ಯಂತ್ರಗಳೆಲ್ಲ ಆಚೆ ಹೋಗಬೇಕು. ಗುಡಿಸುವ ಲಾರಿ ಉದ್ದಕ್ಕೂ ಓಡಾಡಿ, ಅದರ ಹಿಂದೆ ಜನ ಸಾಲಾಗಿ ನಡೆದು, ಬಿದ್ದ ಜಲ್ಲಿ, ಮೊಳೆ, ತಂತಿ ತುಂಡು, ನೀರಿನ ಬಾಟಲಿಯ ಮುಚ್ಚಳ ಎಲ್ಲವನ್ನೂ ಹೆಕ್ಕಬೇಕು. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ವಿಮಾನ ಉರಿದುಬಿದ್ದು 113 ಜನ ಸತ್ತದ್ದಕ್ಕೆ ಮೂಲ, ಮುಂಚೆ ಹಾರಿದ್ದ ಇನ್ನೊಂದು ವಿಮಾನದಿಂದ ರನ್‌ವೇ ಮೇಲೆ ಕಳಚಿ ಬಿದ್ದಿದ್ದ, ಒಂದೂವರೆ ಅಡಿಯಷ್ಟೂ ಉದ್ದವಿಲ್ಲದ ಲೋಹದ ಪಟ್ಟಿ. ಈ ಕಸುಬಿನವರು ಕಸ ಹೆಕ್ಕುವುದನ್ನು ಕಾಮಗಾರಿಯಷ್ಟೇ ಗಂಭೀರವಾಗಿ ಮಾಡುವುದು ಅದಕ್ಕೆ. ತಪಾಸಣೆಯ ಜೀಪು ಕೊನೆಯ ಸುತ್ತು ಹೊಡೆದು, ವಿಮಾನ ಸಂಚಾರ ನಿಯಂತ್ರಿಸುವ ಎಟಿಸಿಗೆ ರನ್‌ವೇ ಒಪ್ಪಿಸಿದ ಮೇಲೇ ಆ ದಿನದ ಲೆಕ್ಕ ಮುಗಿಯುತ್ತದೆ.

ಈ ಗಡಿಯಾರವನ್ನು ಹೊತ್ತವರು ಪ್ರಾಜೆಕ್ಟ್ ಮ್ಯಾನೇಜರ್. ವಿಮಾನ ನಿಲ್ದಾಣ ಕಟ್ಟುವುದು, ಅದಕ್ಕಿಂತ ಹೆಚ್ಚಾಗಿ ಇರುವ ನಿಲ್ದಾಣವನ್ನು ಬೆಳೆಸುವುದು, ಇವತ್ತು ನಮ್ಮ ದೇಶದಲ್ಲಿ ಸಾವಿರಾರು ಎಂಜಿನಿಯರುಗಳ ಜೀವನೋಪಾಯ. ಟರ್ಮಿನಲ್ ಉದ್ಘಾಟನೆಯಾದಾಗ ವಾಸ್ತುಶಿಲ್ಪಿಯ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ರಿಬ್ಬನ್ ಕತ್ತರಿಸಿದವರ ಚಿತ್ರ ಬರುತ್ತದೆ. ಹತ್ತಾರು ಗುತ್ತಿಗೆದಾರರು, ವಿಮಾನ ಕಂಪನಿಗಳು, ಕಸ್ಟಮ್ಸ್, ಭದ್ರತಾ ಪಡೆ, ಅಗ್ನಿಶಾಮಕ, ಇವರೆಲ್ಲರ ತಗಾದೆ ತೀರಿಸಿ ಕೆಲಸವನ್ನು ದಡ ಮುಟ್ಟಿಸಿದವರ ಹೆಸರು ಬರುವುದು ಅಪರೂಪ. ಮನೆಮಂದಿ ಒಳಗೆ ಉಂಡು ಮಲಗುತ್ತಿರುವಾಗಲೇ ಮಾಡು ಬದಲಿಸುವಂಥ ಕೆಲಸ ಇದು.

ಬೆಂಗಳೂರನ್ನೇ ನೋಡಿ. ದೇವನಹಳ್ಳಿಯ ನಿಲ್ದಾಣ ಶುರುವಾದದ್ದು 2008ರ ಮೇ 24ರಂದು, ಸುಮಾರು 4,000 ಎಕರೆಯಲ್ಲಿ, ಒಂದು ರನ್‌ವೇ ಮತ್ತು ಒಂದು ಟರ್ಮಿನಲ್‌ನೊಂದಿಗೆ. ಐದು ವರ್ಷ ಕಳೆಯುವಷ್ಟರಲ್ಲಿ ಟರ್ಮಿನಲ್ ಸಾಲದಾಗಿ 2013ರ ಡಿಸೆಂಬರ್‌ನಲ್ಲಿ ವಿಸ್ತರಣೆಗೊಂಡಿತು. 2017ರ ಬೇಸಿಗೆಯಲ್ಲಿ, ಇಳಿದ ವಿಮಾನ ಬೇಗ ಹೊರಳಿ ಹೊರಹೋಗುವ ಟ್ಯಾಕ್ಸಿವೇಗಳನ್ನು ಸೇರಿಸಲು, ಇದ್ದ ಒಂದೇ ರನ್‌ವೇಯನ್ನು ಹಗಲಿನ ಕೆಲವು ಗಂಟೆ ಮುಚ್ಚಬೇಕಾಯಿತು. ನೂರಾರು ವಿಮಾನಗಳ ವೇಳಾಪಟ್ಟಿ ಅದಕ್ಕೆ ಬಾಗಿತು. 2019ರ ಡಿಸೆಂಬರ್‌ನಲ್ಲಿ ಎರಡನೆಯ ರನ್‌ವೇ ಬಂದ ಮೇಲೇ ಹಳೆಯದನ್ನು ಪೂರ್ತಿ ಮುಚ್ಚಿ ದುರಸ್ತಿ ಮಾಡುವ ಅವಕಾಶ ಸಿಕ್ಕಿದ್ದು. ಕೋವಿಡ್‌ನಿಂದ ಹಾರಾಟ ಕಡಿಮೆಯಿದ್ದ 2020ರಲ್ಲಿ ಆ ಕೆಲಸ ಕೈಗೆತ್ತಿಕೊಂಡರು. ಎರಡನೆಯ ರನ್‌ವೇ ಅಂದರೆ ಹೆಚ್ಚು ವಿಮಾನ ಎಂದಷ್ಟೇ ನಾವು ತಿಳಿಯುತ್ತೇವೆ. ಕಟ್ಟುವವರಿಗೆ ಅದು ಉಸಿರಾಡಲು ಸಿಕ್ಕ ಜಾಗವೂ ಹೌದು.

ನಿಲ್ದಾಣದೊಳಗೆ ಕ್ರೇನ್ ಎತ್ತುವುದಕ್ಕೂ ಎತ್ತರದ ಅನುಮತಿ ಬೇಕು. ರನ್‌ವೇ ಸುತ್ತ ಆಕಾಶದಲ್ಲಿ ಕಾಣದ ಇಳಿಜಾರುಗಳಿವೆ. ಯಾವ ಕಂಬ, ಯಾವ ಕಟ್ಟಡ, ಯಾವ ಯಂತ್ರದ ಕೈಯೂ ಅವನ್ನು ಸೀಳಬಾರದು. ಇದರಿಂದ ಕೆಲವು ದಿನ ಕ್ರೇನಿನ ಕೈ ಮಡಚಿಯೇ ಇರುತ್ತದೆ. ಬಾಡಿಗೆ ಮಾತ್ರ ಓಡುತ್ತದೆ. ಬಜ್ಪೆಯಂಥ ಗುಡ್ಡದ ನೆತ್ತಿಯಲ್ಲಿ ತೊಂದರೆ ಬೇರೆ ಬಗೆಯದು. ರನ್‌ವೇಯನ್ನು ಹತ್ತು ಮೀಟರ್ ಉದ್ದ ಮಾಡಬೇಕಿದ್ದರೂ ಕಣಿವೆಯಿಂದ ಮಣ್ಣು ಕಟ್ಟಿಕೊಂಡು ಬರಬೇಕು. ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದ 2010ರ ಮೇ 22ರ ದುರಂತದಲ್ಲಿ 158 ಜನ ತೀರಿಕೊಂಡದ್ದನ್ನು ಕರಾವಳಿ ಮರೆತಿಲ್ಲ. ರನ್‌ವೇ ತುದಿಯಾಚೆ ಬಿಡಬೇಕಾದ ಸುರಕ್ಷಾ ಜಾಗದ ಒಂದೊಂದು ಮೀಟರನ್ನೂ ಆ ನೆನಪಿನಲ್ಲೇ ಅಳೆಯಬೇಕಾಗುತ್ತದೆ.

ನಾನು ಹೆಚ್ಚು ಹೇಳಬೇಕೆಂದಿರುವುದು ಕಟ್ಟಡ ಮುಗಿದ ಮೇಲಿನ ದಿನಗಳ ಬಗ್ಗೆ. ಬೆಂಗಳೂರಿನ ಎರಡನೆಯ ಟರ್ಮಿನಲ್, ಬಿದಿರು ಮತ್ತು ತೂಗುತೋಟಗಳಿಂದ ಹೆಸರಾದದ್ದು, 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಅಲ್ಲಿಂದ ಮೊದಲ ದೇಶೀಯ ವಿಮಾನ ಹಾರಿದ್ದು 2023ರ ಜನವರಿ 15ರಂದು. ಅಂತರರಾಷ್ಟ್ರೀಯ ವಿಮಾನಗಳು ಅಲ್ಲಿಗೆ ಹೋದದ್ದು ಸೆಪ್ಟೆಂಬರ್ 12ಕ್ಕೆ. ಶಿವಮೊಗ್ಗದ ಸೋಗಾನೆಯಲ್ಲಿ ರಾಜ್ಯದ ಲೋಕೋಪಯೋಗಿ ಇಲಾಖೆ ಕಟ್ಟಿದ ನಿಲ್ದಾಣಕ್ಕೆ 2023ರ ಫೆಬ್ರುವರಿ 27ರಂದು ಉದ್ಘಾಟನೆ. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು ಆಗಸ್ಟ್ 31ಕ್ಕೆ. ಉದ್ಘಾಟನೆ ಆದ ಮೇಲೂ ಬೀಗ ಏಕೆ ಎಂದು ಜನ ಕೇಳುತ್ತಾರೆ. ಕೇಳುವುದು ಸಹಜ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪರವಾನಗಿ, ಭದ್ರತೆಯ ಒಪ್ಪಿಗೆ ಇಲ್ಲದೆ ನಿಲ್ದಾಣ ಬರೀ ಕಟ್ಟಡ. ಅದಕ್ಕೂ ಮಿಗಿಲಾಗಿ, ಸಾವಿರಾರು ಜನ ಸಿಬ್ಬಂದಿ ಹೊಸ ಜಾಗದಲ್ಲಿ ಕೆಲಸ ಕಲಿಯಬೇಕು. ಸ್ವಯಂಸೇವಕರನ್ನು ಪ್ರಯಾಣಿಕರಂತೆ ಕರೆತಂದು, ಸುಳ್ಳು ಟಿಕೆಟ್ ಕೊಟ್ಟು, ನಿಜವಾದ ಸೂಟ್‌ಕೇಸುಗಳನ್ನು ಬೆಲ್ಟಿಗೆ ಹಾಕಿ, ಗಾಲಿಕುರ್ಚಿಯವರು, ಕಳೆದುಹೋದ ಮಗು, ಕರೆಂಟ್ ಹೋದ ಗಳಿಗೆ ಎಲ್ಲವನ್ನೂ ಆಡಿ ನೋಡಬೇಕು. ಈ ತಾಲೀಮಿಗೆ ಕಸುಬಿನಲ್ಲಿ ಓರಾಟ್ ಎನ್ನುತ್ತಾರೆ.

ಅದನ್ನು ಮೊಟಕು ಮಾಡಿದರೆ ಏನಾಗುತ್ತದೆ ಎಂಬುದನ್ನು ಲಂಡನ್ನಿನ ಹೀಥ್ರೋ ತೋರಿಸಿದೆ. ಅಲ್ಲಿನ ಐದನೆಯ ಟರ್ಮಿನಲ್‌ಗೆ 430 ಕೋಟಿ ಪೌಂಡ್ ಖರ್ಚಾಗಿತ್ತು. ಹೇಳಿದ ದಿನಕ್ಕೆ, ಹೇಳಿದ ಹಣದಲ್ಲಿ ಮುಗಿದ ಮಾದರಿ ಕಾಮಗಾರಿ ಎಂದು ಹೊಗಳಿಸಿಕೊಂಡಿತ್ತು. 2008ರ ಮಾರ್ಚ್ 27ರಂದು ಬಾಗಿಲು ತೆರೆದಾಗ ಸಿಬ್ಬಂದಿಗೆ ಕಾರು ನಿಲ್ಲಿಸುವ ಜಾಗ ಸಿಗಲಿಲ್ಲ, ಭದ್ರತಾ ತಪಾಸಣೆಯಲ್ಲೇ ಹೊತ್ತು ಹೋಯಿತು, ಲಗೇಜಿನ ವ್ಯವಸ್ಥೆ ಕೈಕೊಟ್ಟಿತು. ಮುಂದಿನ ದಿನಗಳಲ್ಲಿ ನೂರಾರು ವಿಮಾನಗಳು ರದ್ದಾದವು, ಸಾವಿರಾರು ಚೀಲಗಳು ರಾಶಿ ಬಿದ್ದವು. ಕಟ್ಟಡದ ಕೆಲಸದ ಕೆಲವು ಭಾಗ ತಡವಾದ್ದರಿಂದ ಪರೀಕ್ಷೆಗಳಲ್ಲಿ ರಾಜಿ ಮಾಡಿಕೊಂಡೆವೆಂದು ಬ್ರಿಟಿಷ್ ಏರ್‌ವೇಸ್‌ನ ಮುಖ್ಯಸ್ಥರಾಗಿದ್ದ ವಿಲ್ಲಿ ವಾಲ್ಶ್ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡರು. ಈ ಕಸುಬಿನ ಮರ್ಮ ಇಲ್ಲೇ ಇದೆ. ಅಡಿಪಾಯ ತಡವಾಯಿತು, ಗಾಜು ತಡವಾಯಿತು, ಕೇಬಲ್ ತಡವಾಯಿತು. ಉದ್ಘಾಟನೆಯ ದಿನಾಂಕ ಮಾತ್ರ ಅಲುಗುವುದಿಲ್ಲ. ಎಲ್ಲರ ತಡವೂ ಕೊನೆಗೆ ತಾಲೀಮಿನ ದಿನಗಳನ್ನು ತಿನ್ನುತ್ತದೆ. ಆ ದಿನಗಳನ್ನು ಬಿಟ್ಟುಕೊಡೆನೆಂದು ಮಂತ್ರಿಗಳ ಮುಂದೆಯೂ ಕಂಪನಿಯ ಆಡಳಿತ ಮಂಡಳಿಯ ಮುಂದೆಯೂ ನಿಂತು ಹೇಳಬಲ್ಲವರನ್ನೇ ನಾನು ಒಳ್ಳೆಯ ಮ್ಯಾನೇಜರ್ ಎನ್ನುತ್ತೇನೆ.

ಬರ್ಲಿನ್‌ನ ಕತೆ ಇನ್ನೂ ಕಹಿ. 2012ರ ಜೂನ್ 3ಕ್ಕೆ ಹೊಸ ನಿಲ್ದಾಣ ತೆರೆಯಬೇಕಿತ್ತು. ನಾಲ್ಕು ವಾರಕ್ಕೂ ಕಡಿಮೆ ಇರುವಾಗ, ಮೇ 8ರಂದು, ಆಗುವುದಿಲ್ಲವೆಂದು ಪ್ರಕಟಿಸಿದರು. ಛಾವಣಿಯ ಮೇಲೆ ಹೊಗೆಗೂಡು ಕಾಣಬಾರದೆಂದು, ಬೆಂಕಿ ಬಿದ್ದಾಗ ಹೊಗೆಯನ್ನು ಕೆಳಕ್ಕೆಳೆದು ಹೊರಹಾಕುವ ಏರ್ಪಾಡು ಮಾಡಿದ್ದರು. ಅದು ನಂಬಬಹುದಾದಂತೆ ಕೆಲಸ ಮಾಡಲಿಲ್ಲ. ಬಾಗಿಲು ತೆರೆದದ್ದು 2020ರ ಅಕ್ಟೋಬರ್ 31ಕ್ಕೆ. ಆ ಎಂಟು ವರ್ಷ ಯುರೋಪಿನವರೆಲ್ಲ ಬರ್ಲಿನ್ನನ್ನು ಆಡಿಕೊಂಡರು. ನನಗೆ ಕಾಣುವುದು ಬೇರೆ: ಬೆಂಕಿಯ ವ್ಯವಸ್ಥೆ ಸರಿಯಿಲ್ಲದ ಕಟ್ಟಡಕ್ಕೆ ಒಪ್ಪಿಗೆ ಕೊಡಲಾರೆವೆಂದು ಪಟ್ಟು ಹಿಡಿದ ಅಧಿಕಾರಿಗಳು ತಮ್ಮ ಕೆಲಸವನ್ನು ಮಾಡಿದರು.

ಈ ದಾರಿ ಹಿಡಿಯಬಯಸುವವರಿಗೆ ಬಾಗಿಲುಗಳಿವೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಗೇಟ್ ಅಂಕಗಳ ಆಧಾರದಲ್ಲಿ ಸಿವಿಲ್, ಎಲೆಕ್ಟ್ರಿಕಲ್ ಪದವೀಧರರನ್ನು ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ ಸೇರಿಸಿಕೊಳ್ಳುತ್ತದೆ. ಬೆಂಗಳೂರಿನ ಬಿಐಎಎಲ್, ಜಿಎಂಆರ್, ಮಂಗಳೂರನ್ನು 2020ರ ಕೊನೆಯಿಂದ ನಡೆಸುತ್ತಿರುವ ಅದಾನಿ, ಕಟ್ಟುವ ಕಡೆ ಎಲ್ ಆ್ಯಂಡ್ ಟಿಯಂಥ ಕಂಪನಿಗಳು ಇನ್ನೊಂದು ದಾರಿ. ಶುರುವಿನಲ್ಲಿ ಸಿಗುವುದು ದೊಡ್ಡ ಹುದ್ದೆಯಲ್ಲ. ರಾತ್ರಿ ಪಾಳಿ, ಒಳಹೋದ ಉಪಕರಣಗಳ ಪಟ್ಟಿ ಹಿಡಿದು ಹೊರಬಂದವನ್ನು ಎಣಿಸುವುದು, ಡಾಂಬರಿನ ಬಿಸಿ ಅಳೆದು ಬರೆಯುವುದು, ನೋಟಾಮ್ ಎಂಬ ಪ್ರಕಟಣೆಯಲ್ಲಿ ಮುಚ್ಚುವ ಮತ್ತು ತೆರೆಯುವ ಗಳಿಗೆ ಸರಿಯಿದೆಯೇ ಎಂದು ಎರಡೆರಡು ಸಲ ನೋಡುವುದು. ಕಾಂಕ್ರೀಟಿನ ಲೆಕ್ಕ ಕಾಲೇಜಿನಲ್ಲಿ ಕಲಿಸುತ್ತಾರೆ. ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಮೇಸ್ತ್ರಿಯ ಹತ್ತಿರ ಅವರ ಮಾತಿನಲ್ಲೇ ಕೆಲಸ ತೆಗೆಯುವುದು, ಮುಗಿಯಲು ಅರ್ಧ ಗಂಟೆ ಸಾಲದು ಎಂದು ಗೊತ್ತಾದ ಕ್ಷಣವೇ ಎಟಿಸಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ಇವೆರಡನ್ನೂ ಅಲ್ಲೇ, ಹಿರಿಯರ ಜೊತೆ ನಿಂತು ಕಲಿಯಬೇಕು. ಆ ಫೋನ್ ಮಾಡಲು ಹಿಂಜರಿಯುವವರಿಗೆ ಈ ಕೆಲಸ ಕೊಡಬಾರದು.