ಹತ್ತು ಸಲ ಅಂಗಡಿಗೆ ಓಡುವ ಕಂಪ್ಯೂಟರ್

ದಸರೆಯ ರಜೆಯಲ್ಲಿ ಒಂದು ಸಂಜೆ ನಮ್ಮ ಅರಕೇರಾದ ರೈತರೊಬ್ಬರು ಮನೆಗೆ ಬಂದರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಈಗ ರಾಯಚೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ.

“ಸರ್, ಹತ್ತಿ ಮಾರಿದ ರೊಕ್ಕದಾಗ ಇವಗ ಕಂಪ್ಯೂಟರ್ ಕೊಡಿಸೀನ್ರಿ. ಮುಂಜಾನಿಂದ ಅದರ ಮುಂದ ಕೈಕಟ್ಟಿ ಕುಂತಾನ. ಕೇಳಿದ್ರ ‘ಡೌನ್‌ಲೋಡ್ ಆಗ್ಲಿಕತ್ತದ’ ಅಂತಾನ. ನೀವರ ಬಂದು ಒಂಚೂರು ನೋಡ್ರಿ” ಎಂದರು.

ಹೋಗಿ ನೋಡಿದರೆ ಹುಡುಗ ಸೋಮಾರಿಯಾಗಿ ಕುಳಿತಿರಲಿಲ್ಲ, ಕಂಗಾಲಾಗಿ ಕುಳಿತಿದ್ದ. ಮೂರು ದಿನದಲ್ಲಿ ಪ್ರಾಜೆಕ್ಟ್ ಒಪ್ಪಿಸಬೇಕು. ಪರದೆಯ ಮೇಲೆ ಒಂದು ಕಡತದ ಹೆಸರು ಬರುವುದು, ನಿಲ್ಲುವುದು, ಮತ್ತೊಂದು ಬರುವುದು. ಮೊಬೈಲಿನ ಆ ದಿನದ ಒಂದೂವರೆ ಜಿಬಿ ಡೇಟಾ ಮುಗಿಯುತ್ತ ಬಂದಿತ್ತು. “ಸರ್, ಇದು ನನ್ನ ಕೈಲಿ ಆಗೂದಿಲ್ರಿ” ಎಂದ. ದನಿ ಬಿದ್ದುಹೋಗಿತ್ತು.

ತಂತ್ರಾಂಶ ನನ್ನ ವಿಷಯವಲ್ಲ. ನಾನು ವಿಜ್ಞಾನದ ಮೇಷ್ಟ್ರು. ಆದರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅದೇ ಮೊಬೈಲಿನಲ್ಲಿ ದೊಡ್ಡ ವಿಡಿಯೊ ಒಂದು ಹೇಗೋ ಇಳಿಯುತ್ತದೆ. ಅಂಗೈಯಷ್ಟಿರುವ ಈ ಚಿಕ್ಕ ಕಡತಗಳು ಮಾತ್ರ ಇಳಿಯುವುದಿಲ್ಲ. ಏಕೆ?

ಹೋಳಿಗೆಯ ಲೆಕ್ಕ

ಇಂದು ಯಾರೂ ತಂತ್ರಾಂಶವನ್ನು ಮೊದಲ ಅಕ್ಷರದಿಂದ ಬರೆಯುವುದಿಲ್ಲ. ಬೇರೆಯವರು ಬರೆದು ಇಟ್ಟಿರುವ ಸಿದ್ಧ ಭಾಗಗಳನ್ನು ತಂದು ಸೇರಿಸುತ್ತಾರೆ. ಇವುಗಳಿಗೆ ಡಿಪೆಂಡೆನ್ಸಿ ಎಂದು ಹೆಸರು. ಅವನ್ನು ತಂದು ಜೋಡಿಸಿಕೊಡುವ ಸಾಧನವೇ ಬಿಲ್ಡ್ ಟೂಲ್. ಜಾವಾ ಭಾಷೆಗೆ ಮೇವನ್, ಗ್ರೇಡಲ್ ಇವೆ. ಮೇವನ್‌ನ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಬಂತು. ಅದು ಭಾಗಗಳನ್ನು ತರುವುದು ‘ಮೇವನ್ ಸೆಂಟ್ರಲ್’ ಎಂಬ ಅಂತರ್ಜಾಲದ ಉಗ್ರಾಣದಿಂದ.

ಈಗ ಹಬ್ಬದ ಮನೆಯನ್ನು ನೆನೆಯಿರಿ. ತಾಯಿ ಹೋಳಿಗೆ ಮಾಡಬೇಕು. ಮಗನನ್ನು ಕಡಲೆಬೇಳೆಗೆ ಅಂಗಡಿಗೆ ಕಳಿಸಿದಳು. ಅವನು ತಂದ. ಆಮೇಲೆ ಬೆಲ್ಲಕ್ಕೆ ಕಳಿಸಿದಳು. ಬೆಲ್ಲ ಬಂದ ಮೇಲೆ ಏಲಕ್ಕಿ ನೆನಪಾಯಿತು. ಹುಡುಗ ಹೊತ್ತ ಭಾರ ಹೆಚ್ಚಲ್ಲ, ಹೊತ್ತು ಹೋದದ್ದು ನಡಿಗೆಯಲ್ಲಿ.

ಕಂಪ್ಯೂಟರಿನ ಪಾಡು ಇದಕ್ಕಿಂತ ಕಷ್ಟ. ಉಗ್ರಾಣದ ಪ್ರತಿ ಭಾಗಕ್ಕೂ ಒಂದು ಚೀಟಿ ಇರುತ್ತದೆ. ‘ನನಗೆ ಇನ್ನೂ ಇಂತಿಂಥವು ಬೇಕು’ ಎಂದು ಅದರಲ್ಲಿ ಬರೆದಿರುತ್ತದೆ. ಚೀಟಿ ಕೈಗೆ ಬರುವವರೆಗೆ ಮುಂದೆ ಏನು ಬೇಕೆಂದು ತಿಳಿಯದು. ಹುಡುಗ ತನ್ನ ಪ್ರಾಜೆಕ್ಟಿನಲ್ಲಿ ಬರೆದದ್ದು ಹತ್ತೇ ಹೆಸರು. ಅವು ಕರೆತಂದ ಚೀಟಿಗಳು ಸುಮಾರು ಆರುನೂರು!

ಹೋಗಿಬರುವ ಹೊತ್ತು

ಇಲ್ಲಿ ನಮ್ಮ ಭೌತಶಾಸ್ತ್ರ ಬರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಉಗ್ರಾಣ 14,000 ಕಿ.ಮೀ. ದೂರದ ಅಮೆರಿಕದಲ್ಲಿದ್ದರೆ, ಹೋಗಿಬರಲು 28,000 ಕಿ.ಮೀ. ಅಂದರೆ 0.14 ಸೆಕೆಂಡು ಬೇಕೇ ಬೇಕು. ಎಷ್ಟು ಹಣ ಸುರಿದರೂ ಬೆಳಕಿನ ವೇಗ ಹೆಚ್ಚದು.

ನಮ್ಮ ರಾಜ್ಯಕ್ಕೆ ಈ ಲೆಕ್ಕ ಹೊಸದಲ್ಲ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಹೊರದೇಶದ ತನ್ನ ಕಚೇರಿಗಳೊಡನೆ ಉಪಗ್ರಹದ ಮೂಲಕ ಸಂಪರ್ಕ ಇಟ್ಟುಕೊಂಡಿತು. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಪ್ರಶ್ನೆ ಹತ್ತಿ ಇಳಿಯಬೇಕು, ಉತ್ತರವೂ ಹತ್ತಿ ಇಳಿಯಬೇಕು. ಒಟ್ಟು 1,44,000 ಕಿ.ಮೀ.; ಒಂದು ಪ್ರಶ್ನೆಗೆ ಅರ್ಧ ಸೆಕೆಂಡು.

ಹುಡುಗನ ಮೊಬೈಲಿಗೆ ಸಿಗ್ನಲ್ ಸೊರಗಿತ್ತು. ಗಡಿಯಾರ ಹಿಡಿದು ನೋಡಿದೆ. ಚೀಟಿಯೊಂದಕ್ಕೆ 2 ಸೆಕೆಂಡು ಹಿಡಿಯುತ್ತಿತ್ತು. ಒಂದಾದ ಮೇಲೊಂದರಂತೆ 600 ಚೀಟಿಗೆ 1,200 ಸೆಕೆಂಡು, ಅಂದರೆ 20 ನಿಮಿಷ. ಐದೈದನ್ನು ಒಟ್ಟಿಗೆ ಕೇಳುವಂತಿದ್ದರೆ? ಹೆಚ್ಚುಕಡಿಮೆ 4 ನಿಮಿಷ!

ವೇಗಕ್ಕೆ ಮೂರು ದಾರಿ

ಮೊದಲನೆಯದು, ಒಟ್ಟಿಗೆ ಕೇಳುವುದು. ಮೇವನ್ ದೊಡ್ಡ ಕಡತಗಳನ್ನು ಐದೈದಾಗಿ ತರುವುದು ಮೊದಲಿನಿಂದ ಇದ್ದ ರೂಢಿ. ಚೀಟಿಗಳನ್ನು ಮಾತ್ರ ಒಂದೊಂದಾಗಿ ಓದುತ್ತಿತ್ತು. 2023ರ 3.9ನೆಯ ಆವೃತ್ತಿಯಲ್ಲಿ ಚೀಟಿಗಳನ್ನೂ ಒಟ್ಟಿಗೆ ತರಿಸುವ ಆಯ್ಕೆ ಸೇರಿತು.

ಎರಡನೆಯದು, ಉಗ್ರಾಣವನ್ನೇ ಹತ್ತಿರ ತರುವುದು. ದೊಡ್ಡ ಉಗ್ರಾಣಗಳು ಜಗತ್ತಿನ ಹಲವು ಊರುಗಳಲ್ಲಿ ತಮ್ಮ ನಕಲು ಇಡುತ್ತವೆ. ಒಂದು ಕಾಲೇಜೂ ತನ್ನ ಪ್ರಯೋಗಾಲಯದಲ್ಲಿ ಇಂಥ ನಕಲು ಇಟ್ಟುಕೊಳ್ಳಬಹುದು. ಆಗ ಅರವತ್ತು ವಿದ್ಯಾರ್ಥಿಗಳು ಒಂದೇ ಕಡತವನ್ನು ಅರವತ್ತು ಸಲ ಹೊರಗಿನಿಂದ ತರಬೇಕಿಲ್ಲ.

ಮೂರನೆಯದು, ತಂದದ್ದನ್ನು ಮನೆಯಲ್ಲೇ ಕಾಪಾಡುವುದು. ಒಮ್ಮೆ ಇಳಿದ ಕಡತಗಳನ್ನು ಮೇವನ್ ‘.ಎಂ2’ ಎಂಬ ಫೋಲ್ಡರಿನಲ್ಲಿ ಕೂಡಿಡುತ್ತದೆ. ಮುಂದಿನ ಸಲ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ಹಗೇವಿನಲ್ಲಿ ಜೋಳ ಇದ್ದವರು ಬೇಸಿಗೆಯಲ್ಲಿ ಸಂತೆಗೆ ಓಡುವುದಿಲ್ಲವಲ್ಲ, ಹಾಗೆ.

ಹುಡುಗ ಎಡವಿದ್ದು ಇಲ್ಲೇ. ದೋಷ ಕಂಡಾಗಲೆಲ್ಲ ‘ಎಲ್ಲ ಅಳಿಸಿ ಮತ್ತೆ ಇಳಿಸು’ ಎಂದು ಯಾರೋ ಹೇಳಿದ್ದರಂತೆ. ಬೆಳಗಿನಿಂದ ಆರು ಸಲ ಆ ಫೋಲ್ಡರನ್ನೇ ಅಳಿಸಿದ್ದ! ಚೀಟಿಗಳಿಗೇ ಎರಡು ಗಂಟೆ ಹೋಯಿತು. ಒಂದು ಸಲಕ್ಕೆ 200 ಎಂಬಿಯಂತೆ 1,200 ಎಂಬಿ ಡೇಟಾ ಹೋಯಿತು.

ಮನೆಯಲ್ಲಿ ನಕಲು ಇರಬೇಕು ಎನ್ನಲು ಇನ್ನೊಂದು ಕಾರಣವಿದೆ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದೇ ಸಾಲಿನ ಭಾಗವನ್ನು ಅದರ ಕರ್ತೃ ಎನ್‌ಪಿಎಂ ಉಗ್ರಾಣದಿಂದ ತೆಗೆದುಬಿಟ್ಟ. ಅದನ್ನು ನೆಚ್ಚಿಕೊಂಡಿದ್ದ ಸಾವಿರಾರು ತಂತ್ರಾಂಶಗಳ ಜೋಡಣೆ ಆ ಹೊತ್ತಿಗೆ ಕೆಟ್ಟು ನಿಂತಿತು.

ಆದರೆ ವೇಗದ ಆಸೆಗೆ ಎಚ್ಚರ ಬಿಡಬಾರದು. ಉಗ್ರಾಣದ ಕಡತದ ಜೊತೆ ಒಂದು ಗುರುತಿನ ಸಂಖ್ಯೆ ಬರುತ್ತದೆ. ಕಡತದ ಒಂದಕ್ಷರ ಬದಲಾದರೂ ಲೆಕ್ಕ ಹಾಕಿದ ಸಂಖ್ಯೆ ಅದಕ್ಕೆ ತಾಳೆಯಾಗದು. ಬೇಗ ಆಗಲೆಂದು ಈ ತಾಳೆ ನೋಡುವುದನ್ನು ನಿಲ್ಲಿಸುವುದು, ಮೊಹರು ಒಡೆದ ಗೊಬ್ಬರದ ಚೀಲವನ್ನು ಕೊಂಡಂತೆ.

ಬಸ್ಸಿನಲ್ಲಿ ಬಂದ ಉಗ್ರಾಣ

ಆ ರಾತ್ರಿ ಹುಡುಗ ರಾಯಚೂರಿನ ಗೆಳೆಯನಿಗೆ ಫೋನ್ ಮಾಡಿದ. ಅವನದೂ ಅದೇ ಪ್ರಾಜೆಕ್ಟ್. ಅವನ ‘.ಎಂ2’ ಫೋಲ್ಡರ್ ಪೆನ್‌ಡ್ರೈವಿನಲ್ಲಿ ಕುಳಿತು, ಪರಿಚಿತರೊಬ್ಬರ ಕೈಯಲ್ಲಿ ಮರುದಿನದ ಬಸ್ಸಿಗೆ ಊರಿಗೆ ಬಂತು. ಬೆಳಕಿನ ಮುಂದೆ ನಮ್ಮ ಬಸ್ಸಿನ ವೇಗ ಎಲ್ಲಿಯದು? ಆದರೆ ಬಸ್ಸು ಆರುನೂರು ಸಲ ಓಡಾಡಲಿಲ್ಲ, ಒಂದೇ ಸಲ ಬಂತು! ಆಮೇಲೆ ‘ಆಫ್‌ಲೈನ್’ ಆಯ್ಕೆ ಕೊಟ್ಟಾಗ ಮೇವನ್ ಹೊರಗೆ ಕಾಲಿಡದೆ ಕೆಲಸ ಮುಗಿಸಿತು. ದೋಷ ಇದ್ದದ್ದು ಹುಡುಗನೇ ಬರೆದ ಒಂದು ಸಾಲಿನಲ್ಲಿ. ಅದನ್ನು ತಿದ್ದಲು ಹತ್ತು ನಿಮಿಷ ಸಾಕಾಯಿತು. ಪ್ರಾಜೆಕ್ಟ್ ಹೊತ್ತಿಗೆ ಸರಿಯಾಗಿ ತಲುಪಿತು.

ವಿದ್ಯಾರ್ಥಿಗಳೇ, ಊರಿಗೆ ಹೊರಡುವ ಮುನ್ನ ಕಾಲೇಜಿನ ಒಳ್ಳೆಯ ಸಂಪರ್ಕದಲ್ಲಿ ಒಮ್ಮೆ ಎಲ್ಲವನ್ನೂ ಇಳಿಸಿಕೊಳ್ಳಿ. ಕೂಡಿಟ್ಟದ್ದನ್ನು ಕಾರಣವಿಲ್ಲದೆ ಅಳಿಸಬೇಡಿ. ನಕಲು ತೆಗೆದುಕೊಳ್ಳುವುದಾದರೆ ಬಲ್ಲವರಿಂದ ಮಾತ್ರ ತೆಗೆದುಕೊಳ್ಳಿ. ಕೆಲಸ ನಿಧಾನವಾದಾಗ ‘ನನ್ನ ಕೈಲಾಗದು’ ಎನ್ನುವ ಮೊದಲು, ಹೊತ್ತು ಎಲ್ಲಿ ಸೋರುತ್ತಿದೆ ಎಂದು ಅಳೆದು ನೋಡಿ.

ತಾಯಿತಂದೆಯರಿಗೂ ಒಂದು ಮಾತು. ಮಕ್ಕಳು ಪರದೆಯ ಮುಂದೆ ಸುಮ್ಮನೆ ಕುಳಿತಂತೆ ಕಂಡರೆ ಗದರುವ ಮೊದಲು, ಏನಕ್ಕೆ ಕಾಯುತ್ತಿದ್ದಾರೆಂದು ಕೇಳಿ. ಆ ರೈತರಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಮಗನತ್ತ ತಿರುಗಿ ಕೇಳಿದ್ದು ಒಂದೇ: “ಅಲ್ಲೋ, ಇಷ್ಟು ತ್ರಾಸ ಐತಿ ಅಂತ ಮೊದಲs ಹೇಳಬಾರದೇನೋ?”